ಪೂರ್ಣಾಂಕ

ಚೀನಾದ ಗಾನ್ಸು ಪ್ರಾಂತ್ಯದ ಒಂದು ಊರಿನ ಹೈಸ್ಕೂಲಿನಲ್ಲಿ ಚೂ ಮೇಷ್ಟ್ರು ಇಪ್ಪತ್ತಾರು ವರ್ಷ ಇಂಗ್ಲಿಷ್ ಕಲಿಸಿದರು. ಕಲಿಸಿದ್ದೇನು ಮಣ್ಣು, ಓದದೆ ಅಂಕ ಗಿಟ್ಟಿಸುವುದನ್ನು ಹೇಳಿಕೊಟ್ಟರು. “ಕತೆ ಗಿತೆ ಓದ್ತಾ ಕೂತ್ರೆ ಕೆಟ್ರಿ! ಮೊದ್ಲು ಪ್ರಶ್ನೆ ನೋಡಿ, ಉತ್ತರ ಇರೋ ಸಾಲು ಹುಡುಕಿ, ಗುರುತು ಹಾಕಿ, ಮುಂದಕ್ಕೆ ನಡೀರಿ,” ಎಂದು ಮೇಜು ಕುಟ್ಟುತ್ತಿದ್ದರು.

ಕಾಲೇಜು ಪ್ರವೇಶ ಪರೀಕ್ಷೆಗೆ ಇನ್ನು ನಲವತ್ತೊಂದು ದಿನ ಎಂದು ಹಲಗೆಯ ಮೇಲೆ ಬರೆದಿದ್ದ ಶುಕ್ರವಾರ, ಪರೀಕ್ಷೆಯಲ್ಲಿ ಬರುವಂಥದೇ ಒಂದು ಗದ್ಯ, ಅದರ ಮೇಲೆ ನಾಲ್ಕು ಪ್ರಶ್ನೆ, ಅವುಗಳ ಉತ್ತರ, ಎಲ್ಲವನ್ನೂ ಮಕ್ಕಳಿಂದಲೇ ಸ್ವಂತವಾಗಿ ಬರೆಸಿದರು. ಹಾಸ್ಟೆಲಿನ ಹುಡುಗಿ ತಾನ್ ಯೂಲಾನ್ ಮೊದಲು ತಂದುಕೊಟ್ಟಳು.

“ಸರ್, ಪೂರ್ತಿ ಓದ್ತೀರಾ?”

“ಅರವತ್ತೆರಡು ಜನರದ್ದು ಪೂರ್ತಿ ಓದೋಕೆ ನಂಗೇನು ಹುಚ್ಚೇನಮ್ಮ?”

ಪ್ರಶ್ನೆ ನೋಡಿದರು, ಸಾಲು ಹುಡುಕಿದರು, ಪೂರ್ಣಾಂಕ ಕೊಟ್ಟರು.

ಸೋಮವಾರ ಅವಳ ಜಾಗ ಖಾಲಿಯಿತ್ತು. ಮಂಗಳವಾರ ಅವಳ ಸಾವಿನ ಸುದ್ದಿ ಬಂತು.

ಆಮೇಲೆ ಮೇಷ್ಟ್ರು ಆ ಹಾಳೆಯನ್ನು ಮೊದಲ ಸಾಲಿನಿಂದ ಓದಿದರು. ನಾಲ್ಕು ತಿಂಗಳಿಂದ ನಿದ್ದೆಯನ್ನೇ ಕಾಣದ ಹುಡುಗಿಯೊಬ್ಬಳ ಕತೆ. ಕೊನೆಯ ಪ್ರಶ್ನೆ, ಆ ಹುಡುಗಿಗೆ ಬೇಕಾಗಿದ್ದುದೇನು? ಯೂಲಾನ್ ತಾನೇ ಬರೆದಿದ್ದ ಉತ್ತರ, ‘ಏನಾಯಿತು ಎಂದು ಯಾರಾದರೂ ಒಮ್ಮೆ ಕೇಳುವುದು’.

ಅದರ ಪಕ್ಕದಲ್ಲಿ ಅವರದೇ ಕೆಂಪು ಶಾಯಿಯ ಸರಿ ಗುರುತಿತ್ತು.