ಹಲ್ಲಕ್ಕ ಮುರಿದ ಕೈ

ಬೆಳಗಿನ ಆರೂವರೆ. ವಸ್ತುಸಂಗ್ರಹಾಲಯದ ಮುಂಬಾಗಿಲಿಗೆ ಇನ್ನೂ ಬೀಗ. ನೆಲಮಾಳಿಗೆಯ ಕೋಣೆಯೊಂದರಲ್ಲಿ ಮಾತ್ರ ಟ್ಯೂಬ್‌ಲೈಟ್ ಉರಿಯುತ್ತಿದೆ. ಐವತ್ಮೂರು ವರ್ಷದ ಹೆಂಗಸೊಬ್ಬರು ಬಲಗೈಗೆ ಹಳೆಯ ನೈಲಾನ್ ಕಾಲುಚೀಲ ತೊಟ್ಟು, ಕಣ್ಣು ಮುಚ್ಚಿಕೊಂಡು, ಮೊಣಕೈಯಿಂದ ಕೆಳಗೆ ಇಲ್ಲದ ಒಂದು ತೋಳನ್ನು ಸವರುತ್ತಿದ್ದಾರೆ. ಚೀಲದ ಎಳೆ ಸಿಕ್ಕಿಕೊಂಡ ಕಡೆ ಎಮರಿ ಪೇಪರಿನಿಂದ ಎರಡು ಸಲ ಉಜ್ಜುತ್ತಾರೆ, ಮತ್ತೆ ಸವರುತ್ತಾರೆ.

"ನನ್ನ ಬೆರಳು ಪ್ಲಾಸ್ಟರ್ ತಿಂದು ತಿಂದು ದಪ್ಪ ಆಗ್ಬಿಟ್ಟಿದೆ, ಅದನ್ನ ನಂಬೋ ಹಾಗಿಲ್ಲ. ಕಾಲುಚೀಲ ಹಾಗಲ್ಲ. ಕೂದಲೆಳೆಯಷ್ಟು ಚೂಪಿದ್ರೂ ಹಿಡ್ಕೊಂಡು ಕೂತುಬಿಡುತ್ತೆ" ಎನ್ನುತ್ತಾರೆ. ಈ ತೋಳನ್ನು ಅವರು ಹೀಗೆ ಸವರುತ್ತಿರುವುದು ನಾನು ಬಂದ ಮೇಲೆ ನಾಲ್ಕನೇ ಸಲ. ಇವತ್ತು ಹತ್ತೂವರೆಗೆ ಒಬ್ಬರು ಬರುವವರಿದ್ದಾರೆ. ಏಳು ತಿಂಗಳ ಹಿಂದೆ "ಇನ್ನು ಈ ಕಡೆ ಕಾಲಿಡಲ್ಲ" ಎಂದು ಎದ್ದು ಹೋದವರು.

ಸಂಗ್ರಹಾಲಯದಲ್ಲಿ ಇವರನ್ನು ಎಲ್ಲರೂ ಹಲ್ಲಕ್ಕ ಎನ್ನುತ್ತಾರೆ. ಕಾವಲುಗಾರರೂ ಹಲ್ಲಕ್ಕ, ಮೇಲಧಿಕಾರಿಯೂ ಹಲ್ಲಕ್ಕ. ಇಲ್ಲಿಗೆ ಬರುವ ಮುಂಚೆ ಹತ್ತೊಂಬತ್ತು ವರ್ಷ ಇವರು ಕಟ್ಟುಹಲ್ಲು ಮಾಡುವ ಲ್ಯಾಬಿನಲ್ಲಿದ್ದರು. ದಂತವೈದ್ಯರು ಕಳಿಸಿದ ಅಚ್ಚಿಗೆ ಪ್ಲಾಸ್ಟರ್ ಹೊಯ್ಯುವುದು, ಮೇಣದಲ್ಲಿ ವಸಡು ತಿದ್ದುವುದು, ಹಲ್ಲು ಕೂರಿಸುವುದು. "ಯಾರ್ಯಾರ ಬಾಯಲ್ಲಿ ನಾನಿದ್ದೀನೋ ನನಗೇ ಲೆಕ್ಕ ಇಲ್ಲ. ನಮ್ಮತ್ತೆ ನಾನು ಕಟ್ಟಿದ ಹಲ್ಲಲ್ಲೇ ಇವತ್ತಿಗೂ ನನ್ನ ಬೈಯೋದು!" ಎಂದು ನಗುತ್ತಾರೆ. ಲ್ಯಾಬು ಮುಚ್ಚಿತು. ಅದೇ ಹೊತ್ತಿಗೆ ಸಂಗ್ರಹಾಲಯದವರು ಅಚ್ಚು ತೆಗೆಯಬಲ್ಲ ಕೈಯೊಂದನ್ನು ಹುಡುಕುತ್ತಿದ್ದರು.

ಕಣ್ಣು ಕಾಣದವರಿಗಾಗಿ ಇಲ್ಲಿ ಒಂದು ಮುಟ್ಟುವ ಕೋಣೆ ಇದೆ. ಬೇರೆ ಗೋಡೆಗಳ ಮೇಲೆಲ್ಲ "ಮುಟ್ಟಬೇಡಿ" ಎಂದಿದ್ದರೆ, ಇದರ ಬಾಗಿಲ ಮೇಲೆ "ದಯವಿಟ್ಟು ಮುಟ್ಟಿ" ಎಂದಿದೆ. ಒಳಗೆ ಗಾಜಿನ ಹಿಂದಿನ ಇಪ್ಪತ್ತೆರಡು ವಸ್ತುಗಳ ಪಡಿಯಚ್ಚುಗಳು: ಗಡಿಗೆ, ಕೊಡಲಿ, ಬಾಚಣಿಗೆ, ಆಟದ ಬಂಡಿ, ಒಂದಾಳೆತ್ತರಕ್ಕೆ ಅರ್ಧದಷ್ಟಿರುವ ಕಲ್ಲಿನ ಹೆಂಗಸು. ಮೇಜುಗಳ ಕೆಳಗೆ ಗಾಲಿಕುರ್ಚಿಯವರ ಮಂಡಿ ಹಿಡಿಯುವಷ್ಟು ಜಾಗ ಬಿಟ್ಟಿದೆ. ಎಲ್ಲವೂ ಹಲ್ಲಕ್ಕನ ಕೈಕೆಲಸ. ಮೂಲ ವಸ್ತುವನ್ನು ಮುಟ್ಟುವ ಹಕ್ಕು ಮಾತ್ರ ಅವರಿಗೂ ಇಲ್ಲ. ರಜೆಯ ದಿನ ಅಧಿಕಾರಿ ಗಾಜು ತೆಗೆದು ಪಕ್ಕದಲ್ಲೇ ನಿಲ್ಲುತ್ತಾರೆ, ಇವರು ದೂರದಿಂದ ಅಳತೆ ಹಿಡಿದು, ಫೋಟೊ ನೋಡಿ, ಜೇಡಿಮಣ್ಣಿನಲ್ಲಿ ತಿದ್ದಿ, ಆಮೇಲೆ ಅಚ್ಚು ಹೊಯ್ಯುತ್ತಾರೆ.

ದಿನಕ್ಕೆ ಹತ್ತು-ಹನ್ನೆರಡು ಜನ ಬರುತ್ತಾರೆ, ಶಾಲೆಯವರು ಬಂದರೆ ಅರವತ್ತು. ಅಷ್ಟೂ ಕೈಗಳ ಬೆವರು, ಜಿಡ್ಡು ಬೆಳಿಗ್ಗೆ ಸೋಪುನೀರಿನಲ್ಲಿ ತೊಳೆದು ಬಾಗಿಲು ತೆರೆಯುವುದರೊಳಗೆ ಒಣಗಬೇಕು. ಅದಕ್ಕೇ ಐದಕ್ಕೆ ಏಳುವುದು, ಮೊದಲ ಬಸ್ಸು ಹಿಡಿಯುವುದು. ಜನಪ್ರಿಯ ವಸ್ತುವೊಂದು ನಾಲ್ಕು ತಿಂಗಳಲ್ಲಿ ಸವೆಯುತ್ತದೆ. ಬಾಚಣಿಗೆಯನ್ನು ಯಾರೂ ಅಷ್ಟಾಗಿ ಮುಟ್ಟುವುದಿಲ್ಲ, ಅದು ಎರಡು ವರ್ಷದಿಂದ ಹೊಸದಾಗಿಯೇ ಇದೆ. "ಸವೆಯದೇ ಇದ್ರೆ ನನಗೆ ಬೇಜಾರು. ನಾನೇ ಏನೋ ಕೆಡಿಸಿದ್ದೀನಿ ಅನ್ಸುತ್ತೆ."

ನಿಜಕ್ಕೂ ಕೆಡಿಸಿದ್ದು ಬೇರೆ ಕಡೆ, ಅದೂ ಒಳ್ಳೆಯ ಮನಸ್ಸಿನಿಂದ.

ಹಲ್ಲು ಕಟ್ಟುವವರಿಗೆ ಸಂದು ಕಂಡರೆ ಕೈ ಸುಮ್ಮನಿರುವುದಿಲ್ಲ. ಬಾಯಲ್ಲಿ ಮೂರು ಹಲ್ಲು ಉಳಿದಿದ್ದರೆ ಉಳಿದದ್ದೆಲ್ಲ ತುಂಬಿಕೊಡುವುದೇ ಅವರ ಕಸುಬು. ಹಲ್ಲಕ್ಕ ಇಲ್ಲಿಯೂ ಅದನ್ನೇ ಮಾಡಿದರು. ಗಡಿಗೆಯ ಒಡೆದ ಕಂಠ ಕೂಡಿಸಿದರು, ಬಂಡಿಗೆ ಇಲ್ಲದ ಚಕ್ರ ಹಾಕಿದರು. ಕಲ್ಲಿನ ಹೆಂಗಸಿಗೆ ಇಲ್ಲದ ಎಡಗೈ ಕೊಟ್ಟು, ಬರಿಗೈ ಬೇಡವೆಂದು ಅದರಲ್ಲೊಂದು ಹೂವನ್ನೂ ಇಟ್ಟರು. "ಪಾಪ, ಅವರಿಗೆ ಒಡೆದಿದ್ದು ಯಾಕೆ ಕೊಡೋದು ಅಂದ್ಕೊಂಡೆ" ಎನ್ನುತ್ತಾರೆ. ಅಧಿಕಾರಿಗಳೂ ಚೆನ್ನಾಗಿದೆ ಎಂದು ತಲೆಯಾಡಿಸಿದರು. ಅವರನ್ನಾದರೂ ಏನೆನ್ನುವುದು, ನಾನಾಗಿದ್ದರೂ ಹಾಗೇ ತಲೆಯಾಡಿಸುತ್ತಿದ್ದೆ.

ಎರಡು ವರ್ಷ ತಪ್ಪದೆ ಪ್ರತಿ ಗುರುವಾರ ಬರುತ್ತಿದ್ದವರು ಆಪರೇಟರಮ್ಮ. ಟೆಲಿಫೋನ್ ಕಚೇರಿಯಲ್ಲಿ ಮೂವತ್ತು ವರ್ಷ ಕರೆ ಜೋಡಿಸಿ ನಿವೃತ್ತರಾದವರು, ಹುಟ್ಟಿನಿಂದ ಕಣ್ಣಿಲ್ಲ. ಹೂ ಹಿಡಿದ ಹೆಂಗಸೆಂದರೆ ಅವರಿಗೆ ಪ್ರಾಣ. ಒಂದು ಸಂಜೆ ಮನೆ ತುಂಬ ನೆಂಟರಿದ್ದಾಗ ಆ ಹೂವಿನ ಎಸಳುಗಳನ್ನು ಎಣಿಸಿ ವರ್ಣಿಸುತ್ತಿದ್ದರಂತೆ. ಶಾಲೆಯವರ ಜೊತೆ ಸಂಗ್ರಹಾಲಯಕ್ಕೆ ಬಂದು ಗಾಜಿನ ಹಿಂದಿನ ಮೂಲವನ್ನು ನೋಡಿ ಹೋಗಿದ್ದ ಮೊಮ್ಮಗಳು ನಡುವೆ ಬಾಯಿ ಹಾಕಿದಳು: "ಅಜ್ಜಿ, ಅದಕ್ಕೆ ಆ ಕೈಯೇ ಇಲ್ವಲ್ಲ!" ಎಲ್ಲರೂ ನಕ್ಕರು.

ಮರುದಿನವೇ ಅವರು ಮೊಮ್ಮಗಳ ಕೈ ಹಿಡಿದುಕೊಂಡು ಬಂದು ಹಲ್ಲಕ್ಕನನ್ನು ಕರೆಸಿದರು. ಆ ಮಾತುಗಳನ್ನು ಹಲ್ಲಕ್ಕ ಒಂದಕ್ಷರ ಬಿಡದೆ ಹೇಳುತ್ತಾರೆ. "ಕಣ್ಣಿರೋರಿಗೆಲ್ಲ ಮುರಿದಿದ್ದು ತೋರಿಸ್ತೀರಿ. ನನಗೊಬ್ಬಳಿಗೆ ಯಾಕಮ್ಮ ಕಥೆ ಕಟ್ಟಿದ್ರಿ? ನಾನೇನು ಚಿಕ್ಕ ಮಗುವಾ?" ಅಂದು ರಾತ್ರಿ ಹಲ್ಲಕ್ಕ ಊಟಕ್ಕೆ ಏಳಲಿಲ್ಲ. ಬೈಯಲು ಸದಾ ಸಿದ್ಧರಾಗಿರುವ ಅತ್ತೆಯೇ ಅಂದು ತಟ್ಟೆ ಹಾಕಿ ತಂದುಕೊಟ್ಟರು.

ಹೋಗಲಿ ಬಿಡಿ, ಯಾರಿಗೆ ಗೊತ್ತಾಗುತ್ತೆ ಎಂದರು ಮೇಲಿನವರು. ಹಲ್ಲಕ್ಕ ಬಿಡಲಿಲ್ಲ. ತಾವು ತುಂಬಿದ್ದ ಹತ್ತೊಂಬತ್ತು ವಸ್ತುಗಳನ್ನೂ ಮತ್ತೆ ಮಾಡಲು ಕೂತರು. ಮುರಿಯುವುದೇನು ಮಹಾ ಕೆಲಸ ಎಂದು ನಾನು ಕೇಳಿ ಸರಿಯಾಗಿ ಹೇಳಿಸಿಕೊಂಡೆ. "ಸ್ವಾಮಿ, ಸುತ್ತಿಗೆಯಲ್ಲಿ ಹೊಡೆದ್ರೆ ನನ್ನ ಮುರುಕು ಆಗುತ್ತೆ. ಬೇಕಾಗಿರೋದು ಅದರ ಮುರುಕು. ಹಾಗೇ ಚೂಪು ಬಿಟ್ರೆ ಬೆರಳು ಕುಯ್ಯುತ್ತೆ. ಪೂರ್ತಿ ನುಣುಪು ಮಾಡಿದ್ರೆ ಅದೂ ಸುಳ್ಳೇ." ಹಾಗಾಗಿ ಕಾಲುಚೀಲ, ಹಾಗಾಗಿ ಏಳು ತಿಂಗಳು. ಕಲ್ಲಿನ ಹೆಂಗಸಿನ ತೋಳೊಂದಕ್ಕೇ ಆರು ಅಚ್ಚು ಹಾಳಾದವು. ಕೊನೆಗೆ ಅಧಿಕಾರಿಯಿಂದ ಫೋನ್ ಮಾಡಿಸಿದರೆ ಆಪರೇಟರಮ್ಮ ಹೇಳಿದ್ದು ಇಷ್ಟೇ: "ಗುರುವಾರ ಬಂದು ನೋಡ್ತೀನಿ. ನೋಡಿದ ಮೇಲೆ ಹೇಳ್ತೀನಿ."

ಹತ್ತೂವರೆಗೆ ಐದು ನಿಮಿಷ ಇರುವಾಗಲೇ ಕಾರಿಡಾರಿನಲ್ಲಿ ಕೋಲಿನ ಸದ್ದು. ಆಪರೇಟರಮ್ಮ ಒಬ್ಬರೇ ಬಂದಿದ್ದಾರೆ. ನಮಸ್ಕಾರಕ್ಕೆ ಬರೀ ತಲೆಯಾಡಿಸಿ ನೆಟ್ಟಗೆ ಕಲ್ಲಿನ ಹೆಂಗಸಿನ ಹತ್ತಿರ ಹೋಗುತ್ತಾರೆ. ತುರುಬು, ಕಿವಿ, ಭುಜ. ಎಡತೋಳಿನ ಗುಂಟ ಇಳಿದ ಬೆರಳುಗಳು ಮೊಣಕೈ ಹತ್ತಿರ ತಟ್ಟನೆ ನಿಲ್ಲುತ್ತವೆ. ಹಲ್ಲಕ್ಕ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಾರೆ.

ಆಪರೇಟರಮ್ಮ ಮುರುಕಿನ ಸುತ್ತ ಹೆಬ್ಬೆರಳಾಡಿಸುತ್ತಾರೆ, ಒಂದು ಸಲ, ಇನ್ನೊಂದು ಸಲ.

"ಹಾಗಾದ್ರೆ ಹೂವು ನಿಮ್ದು."

"ನಂದೇ ಅಮ್ಮ. ತಪ್ಪಾಯ್ತು."

"ಹೂವು ಚೆನ್ನಾಗಿತ್ತು. ಸುಳ್ಳಾಗಿತ್ತು, ಅಷ್ಟೆ." ಹೆಬ್ಬೆರಳನ್ನು ಮುರುಕಿನ ಮೇಲೇ ಇಟ್ಟುಕೊಂಡು ಕೇಳುತ್ತಾರೆ: "ನಿಜವಾಗ್ಲೂ ಏನು ಹಿಡ್ಕೊಂಡಿದ್ಲು ಇವಳು?"

"ಯಾರಿಗೂ ಗೊತ್ತಿಲ್ಲಮ್ಮ. ಸಿಕ್ಕಾಗಲೇ ಕೈ ಇರ್ಲಿಲ್ವಂತೆ."

"ದೊಡ್ಡ ದೊಡ್ಡ ಓದಿದೋರಿಗೂ?"

"ಅವರಿಗೂ ಗೊತ್ತಿಲ್ಲ."

"ಓಹೋ!" ಆಪರೇಟರಮ್ಮನ ಮುಖ ಮೊದಲ ಬಾರಿಗೆ ಅರಳುತ್ತದೆ. "ಹಾಗಾದ್ರೆ ಇಲ್ಲಿ ಅವರೂ ನಾನೂ ಒಂದೇ."

ಅವರು ಕುರ್ಚಿ ಕೇಳಿ ತರಿಸಿಕೊಂಡು ಕೂರುತ್ತಾರೆ. ಒಡೆದ ಗಡಿಗೆಯನ್ನು ಮಡಿಲಿಗೆ ಕೊಡಿ ಎನ್ನುತ್ತಾರೆ. ಮುಂದಿನ ಗುರುವಾರ ಮೊಮ್ಮಗಳನ್ನೂ ಕರೆತರುತ್ತಾರಂತೆ.

ನೆಲಮಾಳಿಗೆಗೆ ಇಳಿದು ಬಂದ ಮೇಲೆ ಹಲ್ಲಕ್ಕ ಮುಖ ತೊಳೆದುಕೊಳ್ಳಲು ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತಾರೆ. ನಿಮಗೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಕಾಲುಚೀಲ ಹಿಂಡಿ ತಂತಿಯ ಮೇಲೆ ಹರವುತ್ತಾ ಹೇಳುತ್ತಾರೆ:

"ಆ ಮೊಂಡು ಕೈ ಇದೆಯಲ್ಲ, ಅದು ಬೇಗ ಸವೀಬೇಕು. ಮುಟ್ಟಿ ಮುಟ್ಟಿ ಸವೀಬೇಕು. ಆರು ಅಚ್ಚು ಹಾಳಾದ್ರೂ ಚಿಂತೆ ಇಲ್ಲ, ಮತ್ತೆ ಮುರೀತೀನಿ."