ಗಾಜಿನ ಕೆಳಗಿನ ಕೆರೆ

ನನ್ನ ಗಂಡನಿಗೆ ಬಾಗಲಗುಂಟೆಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಬೋರ್‌ವೆಲ್ ಮೋಟಾರಿಗೆ ಹೊಸ ತಾಮ್ರದ ತಂತಿ ಸುತ್ತಿಕೊಡುವ ಕೆಲಸ. ೨೦೧೩ರ ಸುಮಾರಿಗೆ, ಬಾಗಿಲು ಮುಚ್ಚಿದ ಗೇಮ್ ಪಾರ್ಲರೊಂದರಿಂದ ಹಳೆಯ ಪಿನ್‌ಬಾಲ್ ಮೆಷಿನ್ ಒಂದನ್ನು ಟೆಂಪೋದಲ್ಲಿ ಹಾಕಿಕೊಂಡು ಮನೆಗೆ ತಂದರು. ಇಳಿಜಾರಾದ ಹಲಗೆ, ಮೇಲೊಂದು ಗಾಜು. ಸ್ಪ್ರಿಂಗ್ ಎಳೆದು ಬಿಟ್ಟರೆ ಉಕ್ಕಿನ ಗುಂಡು ಮೇಲಕ್ಕೆ ಹಾರಿ, ಅಲ್ಲಿ ಇಲ್ಲಿ ಬಡಿದುಕೊಂಡು ಕೆಳಗೆ ಉರುಳುತ್ತದೆ; ಬಟನ್ ಒತ್ತಿ ಎರಡು ರೆಕ್ಕೆಗಳಿಂದ ಅದನ್ನು ಮತ್ತೆ ಮೇಲಕ್ಕೆ ಹೊಡೆಯಬೇಕು. ಹಿಂದಿನ ಫಲಕದ ಮೇಲೆ ಕತ್ತಿ ಹಿಡಿದ ಅರೆಬಟ್ಟೆಯ ಹೆಂಗಸು. ಇವಳನ್ನು ದೇವರ ಮನೆಯ ಎದುರು ನಿಲ್ಲಿಸುವುದಾದರೆ ನಾನು ತವರಿಗೆ ಹೋಗುತ್ತೇನೆ ಅಂದೆ. ನನ್ನ ಆ ಸಿಡುಕಿನಿಂದಲೇ ಕೆರೆ ಹುಟ್ಟಿದ್ದು.

ನನ್ನ ಅತ್ತೆ ಯಲಹಂಕದ ಆಚೆಯ ಹಳ್ಳಿಯವರು. ಆ ಊರಿನ ಕೆರೆ ಮುಚ್ಚಿ ಸೈಟುಗಳಾಗಿ ಎಷ್ಟೋ ವರ್ಷವಾಗಿತ್ತು. ಕೆರೆ ತುಂಬಿ ಕೋಡಿ ಬಿದ್ದಾಗ ತಾವು ಬಾಗಿನ ಬಿಟ್ಟದ್ದನ್ನು ಅತ್ತೆ ಹೇಳದ ದಿನವಿರಲಿಲ್ಲ. ಅವರ ಕಣ್ಣಿನ ನೋಟ ದಿನದಿಂದ ದಿನಕ್ಕೆ ಕಿರಿದಾಗುತ್ತಿತ್ತು. ಹೋದದ್ದು ಮತ್ತೆ ಬರುವುದಿಲ್ಲ ಅಂತ ಡಾಕ್ಟರು ಹೇಳಿಬಿಟ್ಟಿದ್ದರು. ಪೂರ್ತಿ ಹೋಗುವುದರೊಳಗೆ ಅಮ್ಮನಿಗೆ ಈ ಮೆಷಿನ್‌ನಲ್ಲೇ ಒಮ್ಮೆ ಕೋಡಿ ತೋರಿಸಬೇಕು ಅಂತ ಇವರು ಹಟ ಹಿಡಿದರು.

ಹಳೆಯ ಚಿತ್ರಗಳನ್ನೆಲ್ಲ ಉಜ್ಜಿ ತೆಗೆದರು. ಗುಂಡನ್ನು ಒದೆಯುವ ಮೂರು ರಬ್ಬರ್ ಕಂಬಗಳು ಏರಿಯ ಮೇಲಿನ ಹುಣಸೆ ಮರಗಳಾದವು. ಗುಂಡು ತಗುಲಿದರೆ ಗಂಟೆ ಬಾರಿಸುತ್ತಿತ್ತು. ಕೆಳಗೆ ಗುಂಡು ಸೋರಿಹೋಗುವ ತೂತಿಗೆ ಬೋರ್‌ವೆಲ್ ಅಂತ ಹೆಸರಿಟ್ಟು ತಾವೇ ನಕ್ಕರು. ನಡುವೆ ಬಟ್ಟಲಿನಂಥ ತಗ್ಗು, ಅದು ಕೆರೆ. ಅದರಲ್ಲಿ ಒಂದೊಂದಾಗಿ ಮೂರು ಗುಂಡು ನಿಲ್ಲಿಸಿದರೆ ಕೆರೆ ತುಂಬಿದ ಹಾಗೆ. ಆಗ ಪುಟ್ಟ ಬಾಗಿಲು ತೆರೆದು ಮೂರೂ ಒಟ್ಟಿಗೆ ಕಾಲುವೆಗೆ ಧುಮುಕುತ್ತಿದ್ದವು, ಸಾಲುದೀಪಗಳು ಹತ್ತುತ್ತಾ ಕೆಳಗೆ ಓಡುತ್ತಿದ್ದವು. ಅದೇ ಕೋಡಿ.

ಬಣ್ಣ ಹಚ್ಚುವ ಕೆಲಸ ನನ್ನದು. ಅತ್ತೆ ಪಕ್ಕದಲ್ಲೇ ಕೂತು, "ಮೊದಲ ಕೋಡಿ ನೀರು ಕೆಂಪಗಿರ್ತದೆ ಕಣವ್ವ, ಇಂಗೆ ನೀಲಿ ಇರಲ್ಲ" ಅಂದರು. ಗೇಟಿಗೆ ತಂದ ನೀಲಿ ಪೇಂಟ್ ಉಳಿದಿತ್ತು. ಕೆಸರು ನೀರು ಯಾರಿಗೆ ಚಂದ ಅಂತ ನೀಲಿಯನ್ನೇ ಬಳಿದೆ.

ಎಲ್ಲ ಮುಗಿದಾಗ ಪಿತೃಪಕ್ಷ. ಅವತ್ತೇ ಶುರು ಮಾಡೋಣ ಅಂದರು ಇವರು. ನಾನು ಬಿಡಲಿಲ್ಲ. ಹೊಸದನ್ನು ಪಕ್ಷದಲ್ಲಿ ಯಾರಾದರೂ ಶುರು ಮಾಡುತ್ತಾರೆಯೇ, ಆಯುಧಪೂಜೆಗೆ ಇರಲಿ ಅಂದೆ. ಎರಡು ಮೂರು ವಾರದಲ್ಲಿ ಏನು ಮುಳುಗಿಹೋಗುತ್ತದೆ ಅಂತಲೂ ಅಂದೆ. ಆ ಮಾತು ಈಗಲೂ ಚುಚ್ಚುತ್ತದೆ.

ಆಯುಧಪೂಜೆಯ ಬೆಳಿಗ್ಗೆ ಇವರು ಬೂದುಗುಂಬಳ ತರಲು ಹೋಗಿದ್ದರು. ಗಾಜಿನ ಮೇಲೆ ಕುಂಕುಮ ಇಟ್ಟರೆ ಗಾಜಿಗೆ ಪೂಜೆ, ಮೆಷಿನ್‌ಗೆ ಏನು ಸಿಕ್ಕಿತು ಅನ್ನಿಸಿತು. ಗಾಜು ಜಾರಿಸಿ ತೆಗೆದು ರೆಕ್ಕೆಗಳಿಗೆ, ಹುಣಸೆ ಮರಗಳಿಗೆ ಅರಿಶಿನ ಕುಂಕುಮ ಹಚ್ಚಿದೆ. ತೆಂಗಿನಕಾಯಿ ಒಡೆದು, ಸ್ಕೂಟರಿಗೆ ಚಿಮುಕಿಸುವ ಹಾಗೆ ಕಾಯಿನೀರನ್ನು ಧಾರಾಳವಾಗಿ ಚಿಮುಕಿಸಿದೆ. ಅದು ಕೆರೆಯ ತಗ್ಗಿನಲ್ಲಿ ನಿಂತು, ಅಲ್ಲಿಂದ ಒಳಗಿನ ಸರ್ಕ್ಯೂಟ್ ಬೋರ್ಡಿಗೆ ಇಳಿದದ್ದು ನನಗೆ ಗೊತ್ತಾಗಲಿಲ್ಲ.

ಅತ್ತೆ ಹೊಸ ಸೀರೆ ಉಟ್ಟು ಕುರ್ಚಿ ಹಾಕಿಸಿಕೊಂಡು ಕೂತರು. ಇವರು ಸ್ವಿಚ್ ಹಾಕಿದರು. ದೀಪಗಳು ಒಮ್ಮೆ ಮಿನುಗಿ ಆರಿಹೋದವು, ಸುಟ್ಟ ವಾಸನೆ ಬಂತು. ಬಗ್ಗಿ ನೋಡಿ, ಒದ್ದೆಯ ಮೇಲೆ ಬೆರಳಾಡಿಸಿ, ನನ್ನ ಮುಖ ನೋಡಿದರು. "ಪೂಜೆ ಮಾಡಿದ್ದಲ್ವಾ, ಬಿಡು" ಅಂದರು, ಅಷ್ಟೇ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ.

ಕಾಯಿಲ್‌ಗಳನ್ನು ಇವರು ಎರಡೇ ದಿನದಲ್ಲಿ ಸುತ್ತಿದರು. ಬೋರ್ಡ್ ಮಾತ್ರ ಇವರ ವಿದ್ಯೆಯಲ್ಲ. ಅಂಗಡಿ ಅಂಗಡಿ ಅಲೆದರೂ ಯಾರಿಂದಲೂ ಆಗಲಿಲ್ಲ. ಕೊನೆಗೆ ಅದನ್ನು ಕಿತ್ತುಹಾಕಿ, ಪಂಪಿನ ಪ್ಯಾನೆಲ್‌ಗೆ ಹಾಕುವ ರಿಲೇ ಸ್ವಿಚ್‌ಗಳಿಂದಲೇ ಎಲ್ಲವನ್ನೂ ಮತ್ತೆ ಜೋಡಿಸಿದರು. ಒಂದೂವರೆ ವರ್ಷ ಹಿಡಿಯಿತು. ಅಷ್ಟರಲ್ಲಿ ಅತ್ತೆಗೆ ಬಾಗಿಲು ಯಾವುದು, ಗೋಡೆ ಯಾವುದು ಅಂತಲೂ ತಿಳಿಯುತ್ತಿರಲಿಲ್ಲ.

ಪೂಜೆ, ಮುಹೂರ್ತ ಅಂತ ಈ ಸಲ ನಾನು ಬಾಯಿ ಬಿಡಲಿಲ್ಲ. ಅತ್ತೆಯ ಎರಡೂ ಅಂಗೈಗಳನ್ನು ಗಾಜಿನ ಮೇಲೆ ಇಡಿಸಿದೆ. ಇವರು ಆಡಿದರು. ಒಂದು ಗುಂಡು ನಿಂತಿತು, ಇನ್ನೊಂದು ನಿಂತಿತು. ಮೂರನೆಯದೂ ಬಿದ್ದು, ಬಾಗಿಲು ತೆರೆದು, ಮೂರೂ ಗಡಗಡನೆ ಇಳಿದವು.

"ಕೋಡಿ ಬಿತ್ತಾ?" ಅತ್ತೆ ಕೇಳಿದರು.

"ಬಿತ್ತು ಅತ್ತೆ."

"ನೀರು ಕೆಂಪಗೈತಾ?"

ಇವರು ತಲೆ ತಗ್ಗಿಸಿದರು. ಕಾಲುವೆ ಉದ್ದಕ್ಕೂ ನನ್ನ ಗೇಟಿನ ನೀಲಿ ಹೊಳೆಯುತ್ತಿತ್ತು.

"ಕೆಂಪಗಿದೆ ಅತ್ತೆ" ಅಂದೆ. ಅತ್ತೆ ಕೈ ಮುಗಿದರು. ಮೆಷಿನ್ ಇದ್ದ ಕಡೆಗಲ್ಲ, ಪಕ್ಕದ ಗೋಡೆಯ ಕಡೆಗೆ.

ಮಾರನೆಯ ದಿನ ಗಾಜು ತೆಗೆದು ನೀಲಿಯ ಮೇಲೆ ಕೆಮ್ಮಣ್ಣಿನ ಬಣ್ಣ ಬಳಿದೆ. ಎರಡು ಕೋಟು ಹಚ್ಚಿದರೂ ಅಂಚಿನಲ್ಲಿ ನೀಲಿ ಇನ್ನೂ ಕಾಣುತ್ತದೆ.