ಗೇರ್ ಬಾಕ್ಸಿನ ಕಾಗದಕ್ಕೆ ನಾನು ಹಾಕಿದ ಸಹಿ

ಖಡಕ್ ರೊಟ್ಟಿ ಬಸ್ಸಿನಲ್ಲಿ ಒಯ್ದರೆ ಉಳಿಯುವುದಿಲ್ಲ. ಬ್ಯಾಡಗಿಯಲ್ಲಿ ಹತ್ತಿಸಿದ ಬುಟ್ಟಿ ಮೋಟೆಬೆನ್ನೂರು ಮುಟ್ಟುವುದರೊಳಗೆ ಅರ್ಧ ಚೂರಾಗಿರುತ್ತದೆ. ಅದಕ್ಕೇ ನನ್ನ ಸೊಸೆ ಹೊಸ ವ್ಯಾನು ಕೊಂಡಳು. ನಮ್ಮ ಮನೆಯಲ್ಲಿ ಬಡಿದ ರೊಟ್ಟಿಯನ್ನು ಹಾವೇರಿ, ರಾಣೆಬೆನ್ನೂರಿನ ಖಾನಾವಳಿಗಳಿಗೆ ತಾನೇ ಓಡಿಸಿಕೊಂಡು ಹೋಗಿ ಕೊಟ್ಟು ಬರುತ್ತಿದ್ದಳು. ಹೈವೇ ಅಗಲ ಮಾಡುತ್ತಿದ್ದ ವರ್ಷಗಳವು. ನಮ್ಮ ಓಣಿಯಲ್ಲಿ ಗಾಡಿ ಓಡಿಸಿದ ಮೊದಲ ಹೆಂಗಸು ಅವಳು.

ರೊಟ್ಟಿ ಬಡಿಯುವುದನ್ನು ಅವಳಿಗೆ ಕಲಿಸಿದವಳು ನಾನು. ಆದರೆ ವ್ಯಾನು ಬಂದ ಮೇಲೆ ಪೇಟೆಯಲ್ಲಿ ಎಲ್ಲರೂ ಅವಳನ್ನು ರೊಟ್ಟಿ ಅಕ್ಕ ಎಂದು ಕರೆಯತೊಡಗಿದರು. ನನ್ನನ್ನು ರೊಟ್ಟಿ ಅಕ್ಕನ ಅತ್ತೆ ಎಂದರು. ಇದು ನನಗೆ ಸೇರಲಿಲ್ಲ. ಮುಂದೆ ನಾನು ಮಾಡಿದ್ದಕ್ಕೆ ಬೇರೆ ಕಾರಣ ಹುಡುಕುವುದು ಬೇಡ ಎಂದು ಇದನ್ನು ಮೊದಲೇ ಹೇಳಿದ್ದೇನೆ.

ಕೊಂಡ ನಾಲ್ಕನೇ ತಿಂಗಳಿಗೆ ಗೇರ್ ಬಾಕ್ಸು ಕೆಟ್ಟಿತು. ಹಾಕಿದ ಮೂರನೇ ಗೇರು ತಾನೇ ಹಾರಿ ಹಿಂದೆ ಬರುತ್ತಿತ್ತು. ಹಾವೇರಿಯ ಶೋರೂಮಿನವರು ಬಿಚ್ಚಿ ಏನೋ ಬದಲಿಸಿಕೊಟ್ಟರು. ಎರಡು ತಿಂಗಳಿಗೆ ಮತ್ತೆ ಅದೇ ಆಯಿತು. ಮೂರನೇ ಸಲ ಹಲಗೇರಿಯ ಒಂದು ಮದುವೆ ಮನೆಗೆ ರೊಟ್ಟಿ ಒಯ್ಯುವಾಗ ನಾನೂ ವ್ಯಾನಿನಲ್ಲಿದ್ದೆ. ಅವಳ ಮಗ್ಗುಲಲ್ಲೇ ಕೂತಿದ್ದೆ. ಅವಳು ಗೇರಿನ ಹಿಡಿಕೆಯನ್ನು ಎರಡು ಬೆರಳಲ್ಲಿ, ಕಾದ ಹಂಚಿನ ಮೇಲಿನ ರೊಟ್ಟಿ ತಿರುವಿದಷ್ಟು ಹಗುರ ಹಿಡಿದಿದ್ದಳು. ಅದು ಕರ್ ಎಂದು ಹಾರಿತು, ಗಾಡಿ ನಿಂತಿತು. ಅವಳ ತಪ್ಪಿರಲಿಲ್ಲ. ನನ್ನ ಕಣ್ಣಾರೆ ನೋಡಿದ್ದೇನೆ.

ಶೋರೂಮಿನವರು, "ಕಂಪನಿಗೆ ಬರದೇವ್ರಿ, ಉತ್ತರ ಬರ್ಲಿ," ಎಂದು ಕೈ ತೊಳೆದುಕೊಂಡರು. ಸೊಸೆ ತಾನೇ ಕಂಪನಿಗೆ ರಿಜಿಸ್ಟರ್ ಕಾಗದ ಹಾಕಿದಳು. ಕಾಗದ ಮುಟ್ಟಿದ್ದಕ್ಕೆ ಕಂಪನಿಯ ಸಿಕ್ಕೆ ಬಿದ್ದ ಅಂಚೆ ಕಾರ್ಡು ಬರುತ್ತಿತ್ತು, ಉತ್ತರ ಬರುತ್ತಿರಲಿಲ್ಲ. ಫೋನ್ ಹಚ್ಚಿದರೆ ಬರೀ ವಾದ್ಯ ಕೇಳಿಸುತ್ತಿತ್ತು. ಐದು ಕಾಗದ ಹಾಕಿದ ಮೇಲೆ ಒಂದು ಮಧ್ಯಾಹ್ನ ಕಂಪನಿಯವನೊಬ್ಬ ಬಂದ. ಮಗ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನ ಕೆಲಸಕ್ಕೆ ಹೋಗಿದ್ದ, ಸೊಸೆ ಹಿಟ್ಟಿನ ಗಿರಣಿಗೆ ಹೋಗಿದ್ದಳು. ಮನೆಯಲ್ಲಿ ನಾನೊಬ್ಬಳೇ.

ಇಸ್ತ್ರಿ ಅಂಗಿ ತೊಟ್ಟು ಅಷ್ಟು ದೂರದಿಂದ ಬಂದವನು ಎಂದು ಚಹಾ ಮಾಡಿಕೊಟ್ಟೆ. ಅವನು ವ್ಯಾನಿನ ಕೆಳಗೆ ಬಗ್ಗಿ ನೋಡಿ ಬಂದು ಕೇಳಿದ:

"ಅಜ್ಜಿ, ಗಾಡಿ ಯಾರು ಓಡಿಸ್ತಾರೆ?"

"ನನ್ನ ಸೊಸಿ."

"ಗೇರ್ ಹೆಂಗೆ ಹಾಕ್ತಾರೆ, ನೋಡಿದ್ದೀರಾ?"

"ರೊಟ್ಟಿ ಬಡದಂಗ ಬಡೀತಾಳ," ಎಂದೆ.

ಅವನು ನಕ್ಕ. ಅವನು ನಕ್ಕದ್ದು ನೋಡಿ ನನಗೆ ಇನ್ನೂ ಹುರುಪು ಬಂತು. "ಹಂಚಿನ ಮ್ಯಾಲಿನ ರೊಟ್ಟೀನೂ ಹರೀತಾಳ, ಗೇರೂ ಮುರೀತಾಳ. ಹೆಣ್ಣಮಕ್ಕಳ ಕೈಯಾಗ ಗಾಡಿ ಕೊಟ್ರ ಮತ್ತೇನಾಕ್ಕೈತಪಾ," ಎಂದೆ. ಬಂದವರ ಮುಂದೆ ಸೊಸೆಯನ್ನು ಆಡಿಕೊಳ್ಳುವುದು ನಮ್ಮ ಕಡೆ ಅತ್ತೆಯಂದಿರ ಮಾಮೂಲು. ಕೇಳಿದವರು ನಕ್ಕು ಮರೆಯುತ್ತಾರೆ. ಇವನು ನಕ್ಕು ಬರೆದುಕೊಂಡ. ಬರೆದ ಹಾಳೆಯನ್ನು ನನ್ನ ಮುಂದಿಟ್ಟು, "ನಾನು ಬಂದಿದ್ದೆ ಅನ್ನೋದಕ್ಕೆ ಒಂದು ಸಹಿ ಹಾಕಿ ಅಜ್ಜಿ," ಎಂದ.

ನಾನು ಎರಡನೇ ಇಯತ್ತೆಗೇ ಶಾಲೆ ಬಿಟ್ಟವಳು. ಹೆಬ್ಬೆಟ್ಟು ಒತ್ತುತ್ತಿದ್ದವಳಿಗೆ, ಖಾಲಿ ಹಿಟ್ಟಿನ ಚೀಲದ ಮೇಲೆ ಇದ್ದಿಲಿನಿಂದ ತಿದ್ದಿಸಿ ತಿದ್ದಿಸಿ ಸಹಿ ಕಲಿಸಿದ್ದವಳು ಇದೇ ಸೊಸೆ. ಆ ಹಾಳೆಯಲ್ಲಿ ಏನಿದೆ ಎಂದು ಕೂಡಿಸಿ ಓದುವಷ್ಟು ನನಗೆ ಬರುತ್ತಿತ್ತು. ಓದಲಿಲ್ಲ. ಚಂದಾಗಿ ಸಹಿ ಹಾಕಿದೆ. ಸಂಜೆ ಸೊಸೆ ಕೇಳಿದಾಗ, "ಬಂದಿದ್ದ, ನೋಡಿ ಹೋದ," ಎಂದಷ್ಟೇ ಹೇಳಿದೆ.

ಹದಿನೈದು ದಿನಕ್ಕೆ ಕಂಪನಿಯ ಉತ್ತರ ಬಂತು. ಸೊಸೆ ನಿಂತಲ್ಲೇ ಮಗನಿಗೆ ಓದಿ ಹೇಳಿದಳು. ಓಡಿಸುವವರ ತಪ್ಪಿನಿಂದ ಕೆಟ್ಟಿದೆ, ಕಂಪನಿ ಜವಾಬ್ದಾರಿ ಅಲ್ಲ, ಇನ್ನು ಪತ್ರ ಬರೆಯಬೇಡಿ. ಅದರ ಹಿಂದೆ ಇನ್ನೊಂದು ಹಾಳೆ ಇತ್ತು. ಅದನ್ನು ಅವಳು ಜೋರಾಗಿ ಓದಲಿಲ್ಲ. ಸ್ವಲ್ಪ ಹೊತ್ತು ನೋಡಿ ಮಡಚಿಟ್ಟುಕೊಂಡಳು. ನಾನು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾ ಕೂತಿದ್ದೆ, ತಲೆ ಎತ್ತಲಿಲ್ಲ.

"ನಾ ಮೊದಲ ಹೇಳಿದ್ನಿ, ನಿನಗ ಗೇರ್ ಹಾಕಾಕ ಬರೂದಿಲ್ಲಂತ," ಎಂದ ಮಗ. ಕೀಲಿ ಕೈಯನ್ನು ಗೂಟದಿಂದ ತೆಗೆದು ತನ್ನ ಕಿಸೆಗೆ ಹಾಕಿಕೊಂಡ. ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ.

ಮಗ ವ್ಯಾನನ್ನು ರಾಣೆಬೆನ್ನೂರಿನ ಒಬ್ಬ ಮಿಸ್ತ್ರಿಯ ಹತ್ತಿರ ಎಳೆಸಿಕೊಂಡು ಹೋದ. ಬಂದು ಊಟಕ್ಕೆ ಕೂತಾಗ ಹೇಳಿದ: "ಇದ ನಮೂನಿ ಇನ್ನೂ ಮೂರು ಗಾಡಿ ಬಂದಿದ್ವಂತ. ಎಲ್ಲಾದರಾಗೂ ಅದ ಗೇರಿನ ಹಲ್ಲ ಹೋಗೇತಂತ. ಹಾವೇರಿಯಾವ್ರೊಬ್ರು ಬೆನ್ನ ಬಿಡದ ಕಂಪನಿ ಕಡಿಂದ ಹೊಸಾ ಗೇರ್ ಬಾಕ್ಸ್ ಹಾಕಿಸ್ಕೊಂಡಾರಂತ. ನಮ್ದ ಆಗೂದಿಲ್ಲ ಬಿಡು, ನಮ್ಮ ತಪ್ಪಂತ ಕಾಗದ ಬಂದೇತಲ್ಲ."

ಸೊಸೆ ಅವನ ತಾಟಿಗೆ ಪಲ್ಯ ಬಡಿಸಿದಳು. ಅನ್ನ ನನ್ನ ಗಂಟಲಲ್ಲಿ ಇಳಿಯಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಉಂಡೆ.

ಹೊಸ ಗೇರ್ ಬಾಕ್ಸಿಗೆ ಕೊಡುವಷ್ಟು ದುಡ್ಡು ನಮ್ಮಲ್ಲಿರಲಿಲ್ಲ, ವ್ಯಾನು ಗುಜರಿ ಬೆಲೆಗೆ ಹೋಯಿತು. ಸೊಸೆ ಬುಟ್ಟಿ ಹೊತ್ತು ಬಸ್ಸು ಹತ್ತಿದಳು. ಖಾನಾವಳಿಯವರು ಇಡೀ ರೊಟ್ಟಿ ಆರಿಸಿಕೊಂಡು ಚೂರನ್ನು ವಾಪಸ್ಸು ಕಳಿಸುತ್ತಿದ್ದರು. ಮನೆಯಲ್ಲಿ ದಿನಾ ಮಜ್ಜಿಗೆಗೆ ಚೂರು ರೊಟ್ಟಿ. ಒಂದೊಂದೇ ಖಾನಾವಳಿ ಬಿಟ್ಟುಹೋಗಿ ಕಡೆಗೆ ರಾಣೆಬೆನ್ನೂರಿನ ಎರಡು ಉಳಿದವು. ಒಂದು ಬೆಳಿಗ್ಗೆ ಬುಟ್ಟಿಯ ಇನ್ನೊಂದು ಹಿಡಿಕೆ ಹಿಡಿದು ಅವಳ ಜೊತೆ ಬಸ್ ಸ್ಟ್ಯಾಂಡಿಗೆ ಹೋಗಿದ್ದಾಗ ಹೇಳಿಬಿಟ್ಟೆ.

"ಆ ಕಂಪನಿಯಾಂವನ ಕಾಗದಕ್ಕ ಸಹಿ ಹಾಕಿದಾಕಿ ನಾನ."

"ಗೊತ್ತೈತ್ರಿ ಅತ್ತಿ. ನಾನ ಕಲಿಸಿದ ಸಹಿ ನನಗ ಗುರ್ತ ಸಿಗೂದಿಲ್ಲೇನ್ರಿ?"

"ಮತ್ತ ನಿನ್ನ ಗಂಡಗ ಯಾಕ ಹೇಳ್ಲಿಲ್ಲ?"

"ಹೇಳಿದ್ರ ಗೇರ್ ಸರಿಯಾಗಿ ಬೀಳ್ತಿತ್ತೇನ್ರಿ?" ಎಂದಳು. "ಆ ಕಡೆ ತುಸು ಎತ್ರಿ, ಬಸ್ ಬಂತು."

ಆ ವಾರ ನಾನೇ ಕೂತು ಕಂಪನಿಗೆ ಕಾಗದ ಬರೆದೆ. ನಾಲ್ಕು ಸಾಲಿಗೆ ಮೂರು ದಿನ ಹಿಡಿಯಿತು. ನನ್ನ ಸೊಸೆ ಗೇರು ಬಡಿಯುವುದಿಲ್ಲ, ನಾನು ಸುಳ್ಳು ಹೇಳಿದ್ದೆ, ಆ ಮಾತನ್ನು ನಿಮ್ಮ ಕಾಗದದಿಂದ ಹೊಡೆದು ಹಾಕಿರಿ ಎಂದು ಬರೆದೆ. ಮಗನಿಗೂ ಓದಿ ಹೇಳಿದೆ. ಅವನು ನನ್ನ ಮುಖ ನೋಡಿದ, ಹೆಂಡತಿಯ ಮುಖ ನೋಡಲು ಅವನಿಗೆ ಆಗಲಿಲ್ಲ. "ಗಾಡಿನ ಇಲ್ಲ, ಈಗ ಬರದ ಏನ್ ಮಾಡ್ತೀಬೇ ಯವ್ವಾ," ಎಂದ.

ಮುಟ್ಟಿದ ಕಾರ್ಡು ಸಿಕ್ಕೆ ಬಿದ್ದು ಬಂತು. ಸೊಸೆ ಅದನ್ನು ತನ್ನ ಐದು ಕಾರ್ಡುಗಳ ಜೊತೆ ಸೇರಿಸಿ ದಾರ ಕಟ್ಟಿ ಇಟ್ಟಳು. ಉತ್ತರ ಮಾತ್ರ ಇಲ್ಲಿಯವರೆಗೂ ಬಂದಿಲ್ಲ.